ಮಂಡಿನೋವಿನವರ ಸಮುದ್ರಯಾನ

(ಸಂಘದ ಸಂಸ್ಥಾಪನಾ ದಿನಾಚರಣೆಯ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ವೈದ್ಯರನ್ನು ಮಾತಿಗೆ ಕರೆದರೆ ಸಕ್ಕರೆ ಬಿಡಿ, ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಊಟದ ರುಚಿ ಕೆಡಿಸುತ್ತಾರೆಂಬ ಭಯ ಎಲ್ಲರಿಗೂ ಇರುತ್ತದೆ. ಒಳಗೆ ಹೋಳಿಗೆ ಸಿದ್ಧವಾಗಿರುವುದು ನನಗೂ ಗೊತ್ತು. ಆದ್ದರಿಂದ ಆ ಗೋಜಿಗೆ ಹೋಗದೆ ಇವತ್ತು ಪ್ರವಾಸದ ವಿಷಯ ಮಾತನಾಡುತ್ತೇನೆ.

"ದೇಶ ಸುತ್ತು, ಕೋಶ ಓದು" ಎಂದು ನಮ್ಮಲ್ಲಿ ಗಾದೆಯೇ ಇದೆ. ಆದರೆ ನಮ್ಮ ಹಿರಿಯರ ಬಾಳಿನಲ್ಲಿ ಓದುವ ವಯಸ್ಸು ಕೋಶಕ್ಕೆ ಹೋಯಿತು, ದುಡಿಯುವ ವಯಸ್ಸು ಸಂಸಾರಕ್ಕೆ ಹೋಯಿತು. ದೇಶ ಸುತ್ತುವ ಸರದಿ ಬರುವ ಹೊತ್ತಿಗೆ ಮಂಡಿ ಮುಷ್ಕರ ಹೂಡಿರುತ್ತದೆ. ಬೇಸಿಗೆಗೆಂದು ಅಮೆರಿಕಕ್ಕೆ ಬಂದ ಅಪ್ಪ ಅಮ್ಮನಿಗೆ ನಯಾಗರಾ ತೋರಿಸಿ ಆದ ಮೇಲೆ ಮಕ್ಕಳು ಅಲಾಸ್ಕಾ ಹಡಗಿನ ಮಾತೆತ್ತುತ್ತಾರೆ. ಆಗ ಬರುವ ಉತ್ತರ ನಿಮಗೆಲ್ಲ ಬಾಯಿಪಾಠವಾಗಿದೆ: "ನಮಗ್ಯಾಕಪ್ಪ ಅದೆಲ್ಲ, ನೀವು ಮಕ್ಕಳನ್ನ ಕರ್ಕೊಂಡು ಹೋಗಿ ಬನ್ನಿ. ನಾವು ಮನೆ ನೋಡ್ಕೊಂಡಿರ್ತೀವಿ." ಆಮೇಲೆ ಮಗನೋ ಮಗಳೋ ನನ್ನನ್ನು ಕೇಳುತ್ತಾರೆ: "ಡಾಕ್ಟ್ರೇ, ಅಮ್ಮ ಹೋಗಬಹುದಾ?"

ಬಹಳ ಮಂದಿಯ ವಿಷಯದಲ್ಲಿ ನನ್ನ ಉತ್ತರ "ಖಂಡಿತ ಹೋಗಬಹುದು" ಎಂದೇ. ನಡೆಯಲು ಕಷ್ಟವಿರುವವರಿಗೆ ಹಡಗಿನಷ್ಟು ಅನುಕೂಲವಾದ ಪ್ರವಾಸ ಇನ್ನೊಂದಿಲ್ಲ. ಬಸ್ ಪ್ರವಾಸದಲ್ಲಿ ದಿನಕ್ಕೊಂದು ಹೋಟೆಲು, ದಿನಕ್ಕೊಂದು ಸಲ ಪೆಟ್ಟಿಗೆ ಕಟ್ಟುವ ಕೆಲಸ. ಹಡಗಿನಲ್ಲಿ ಪೆಟ್ಟಿಗೆ ಬಿಚ್ಚುವುದು ಒಂದೇ ಸಲ. ಹಾಸಿಗೆ, ಊಟದ ಮನೆ, ಲಿಫ್ಟ್, ವೈದ್ಯರು ಎಲ್ಲ ಒಂದೇ ಸೂರಿನಡಿ. ನಾವು ಊರಿಗೆ ಹೋಗುವ ಬದಲು ಊರೇ ನಮ್ಮ ಕಿಟಕಿಯ ಬಳಿ ಬರುತ್ತದೆ. ಆದರೆ ಈ ಅನುಕೂಲ ತಾನಾಗಿ ಸಿಗುವುದಿಲ್ಲ, ಬಾಯಿಬಿಟ್ಟು ಕೇಳಿದವರಿಗೆ, ಅದೂ ಮುಂಚಿತವಾಗಿ ಕೇಳಿದವರಿಗೆ ಸಿಗುತ್ತದೆ. ನಮ್ಮವರನ್ನು ಮಂಡಿನೋವಿಗಿಂತ ಹೆಚ್ಚಾಗಿ ಕಟ್ಟಿಹಾಕಿರುವುದು ಸಂಕೋಚ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಶ್ರವಣಬೆಳಗೊಳದಲ್ಲಿ ಡೋಲಿಯಲ್ಲಿ ಕುಳಿತು ಬೆಟ್ಟ ಹತ್ತುವುದು ಯಾರಿಗೂ ಅವಮಾನವಲ್ಲ. ಕೇದಾರಕ್ಕೆ ಹೋದವರು ಕುದುರೆಯ ಮೇಲೆ ಹೋದೆವೆಂದು ಊರೆಲ್ಲ ಹೇಳಿಕೊಳ್ಳುತ್ತಾರೆ. ಆದರೆ ವೀಲ್‌ಚೇರ್ ಎಂದ ಕೂಡಲೇ ಮುಖ ಸಪ್ಪಗಾಗುತ್ತದೆ. "ನಾನೇನು ಕಾಲಿಲ್ಲದವಳಾ?" ಎನ್ನುತ್ತಾರೆ. ತಾಯಂದಿರೇ, ಅದೂ ಒಂದು ಡೋಲಿ, ಗಾಲಿ ಇರುವ ಡೋಲಿ ಅಷ್ಟೇ. ಮನೆಯೊಳಗೆ ಅಡಿಗೆಮನೆಯಿಂದ ದೇವರ ಮನೆಗೆ ಓಡಾಡುವವರಿಗೆ ತಮ್ಮ ಕಾಲು ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ದೊಡ್ಡ ಹಡಗಿನ ಉದ್ದ ಸುಮಾರು 1,000 ಅಡಿ. ಕೋಣೆಯಿಂದ ಊಟಕ್ಕೆ ಹೋಗಿ ಬರುವುದನ್ನೇ ದಿನಕ್ಕೆ ಮೂರು ಸಲ ಲೆಕ್ಕ ಹಾಕಿ ನೋಡಿ. ಬೆಳಗಿನ ನಡಿಗೆಗೆ ಕಾಲನ್ನು ಬಳಸಿ, ದೂರದ ದಾರಿಗೆ ಗಾಲಿಯನ್ನು ಬಳಸಿ.

ಟಿಕೆಟ್ ಕೊಳ್ಳುವ ಮೊದಲು ಮನೆಯಲ್ಲೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಿಲ್ಲದೆ ಎಷ್ಟು ಹೊತ್ತು ನಡೆಯಬಲ್ಲರು? ಕೈಹಿಡಿಯಿಲ್ಲದೆ ಒಂದು ಮೆಟ್ಟಿಲು ಹತ್ತಬಲ್ಲರೇ? ತಗ್ಗಿನ ಕಮೋಡಿನಿಂದ ತಾವಾಗಿ ಏಳಬಲ್ಲರೇ? ರಾತ್ರಿ ಎಷ್ಟು ಸಲ ಎದ್ದು ಹೋಗುತ್ತಾರೆ? ಈ ನಾಲ್ಕರ ಉತ್ತರವೇ ನಿಮಗೆ ಯಾವ ಕೋಣೆ ಬೇಕೆಂದು ಹೇಳುತ್ತದೆ.

ಸಾಮಾನ್ಯ ಕೋಣೆಯ ಬಾಗಿಲು ಇಕ್ಕಟ್ಟು. ಬಚ್ಚಲಿಗೆ ಎತ್ತರದ ಹೊಸ್ತಿಲು ಇರುತ್ತದೆ. ರಾತ್ರಿ ಎರಡು ಗಂಟೆಗೆ, ಹಡಗು ತುಸು ಓಲಾಡುವಾಗ, ಆ ಹೊಸ್ತಿಲಿಗೆ ಎಡವಿದರೆ ಸೊಂಟದ ಮೂಳೆ ಹೋಯಿತೆಂದೇ ಲೆಕ್ಕ. ಪ್ರತಿ ಹಡಗಿನಲ್ಲೂ ಅಂಗವಿಕಲರಿಗೆಂದು ಕೆಲವು ಕೋಣೆಗಳಿರುತ್ತವೆ. ಅಲ್ಲಿ ಬಾಗಿಲು ಸುಮಾರು 32 ಇಂಚು ಅಗಲ, ಬಚ್ಚಲಿಗೆ ಹೊಸ್ತಿಲಿಲ್ಲ, ಗೋಡೆಗೆ ಹಿಡಿಗಂಬಿ, ಸ್ನಾನಕ್ಕೆ ಕೂರಲು ಪೀಠ. ಇಂಥ ಕೋಣೆಗಳು ಕಡಿಮೆ, ಬೇಗ ಮುಗಿದುಹೋಗುತ್ತವೆ. ಅಪ್ಪ ಅಮ್ಮ ಮುಂದಿನ ಬೇಸಿಗೆಗೆ ಬರುವುದಾದರೆ ಈ ವರ್ಷವೇ ಕಾದಿರಿಸಿ. ಸಾಮಾನ್ಯ ಕೋಣೆಯೇ ಸಾಕೆನ್ನುವವರು ಲಿಫ್ಟಿಗೆ ಹತ್ತಿರದ್ದನ್ನು ಕೇಳಿ, ಕಮೋಡಿನ ಮೇಲಿಡುವ ಎತ್ತರದ ಸೀಟು ಮತ್ತು ಸ್ನಾನದ ಸ್ಟೂಲು ಬೇಕೆಂದು ಬರೆದು ತಿಳಿಸಿ. ಹಡಗಿನವರ ವೀಲ್‌ಚೇರ್ ಸಾಮಾನ್ಯವಾಗಿ ಹತ್ತಿ ಇಳಿಯುವುದಕ್ಕೆ ಮಾತ್ರ. ವಾರಪೂರ್ತಿ ಬೇಕಾದರೆ ನಿಮ್ಮದೇ ಒಯ್ಯಬೇಕು, ಇಲ್ಲವೇ ಬಾಡಿಗೆಗೆ ತರಿಸಬೇಕು. ಬ್ಯಾಟರಿಯ ಸ್ಕೂಟರಾದರೆ ಅದನ್ನು ಕೋಣೆಯೊಳಗೇ ಇಡಬೇಕು, ಹೊರಗಿನ ಓಣಿಯಲ್ಲಿ ಬಿಡುವಂತಿಲ್ಲ.

ಇದೆಲ್ಲ ಕೇಳುವುದು ಭಿಕ್ಷೆಯಲ್ಲ. ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ ಕಾಯಿದೆ ಬಂದದ್ದು 1990ರಲ್ಲಿ. ವಿದೇಶಿ ಧ್ವಜ ಹಾರಿಸುವ ಹಡಗುಗಳಿಗೆ ಅದು ಅನ್ವಯಿಸುತ್ತದೆಯೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2005ರಲ್ಲಿ ನ್ಯಾಯಾಲಯ, ಅಮೆರಿಕದ ನೀರಿನಲ್ಲಿರುವ ಅಂಥ ಹಡಗುಗಳಿಗೂ ಈ ಕಾಯಿದೆ ಅನ್ವಯಿಸುತ್ತದೆ ಎಂದಿತು. ಹಡಗಿನ ಮೂಲ ರಚನೆಯನ್ನೇ ಒಡೆದು ಕಟ್ಟಬೇಕಾದಂಥ ವಿಷಯಗಳಲ್ಲಿ ಮಾತ್ರ ಮಿತಿಗಳಿವೆ.

ಇನ್ನು ಬಂದರಿನ ವಿಷಯ. ಎಲ್ಲ ಊರುಗಳಲ್ಲೂ ಹಡಗು ದಡಕ್ಕೆ ತಾಗಿ ನಿಲ್ಲುವುದಿಲ್ಲ. ಕೆರಿಬಿಯನ್ನಿನ ಗ್ರ್ಯಾಂಡ್ ಕೇಮನ್, ಗ್ರೀಸಿನ ಸ್ಯಾಂಟೊರಿನಿಯಂಥ ಕಡೆ ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಅಲ್ಲಿಂದ ಚಿಕ್ಕ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಇದಕ್ಕೆ ಟೆಂಡರ್ ಎನ್ನುತ್ತಾರೆ. ಹಡಗೂ ಅಲುಗುತ್ತಿರುತ್ತದೆ, ದೋಣಿಯೂ ಅಲುಗುತ್ತಿರುತ್ತದೆ, ನಡುವಿನ ಸಂದನ್ನು ದಾಟಿ ಕಾಲಿಡಬೇಕು. ಸಿಬ್ಬಂದಿ ಕೈಹಿಡಿಯುತ್ತಾರೆಯೇ ಹೊರತು ಮನುಷ್ಯರನ್ನು ಎತ್ತಿ ದಾಟಿಸುವುದಿಲ್ಲ. ಅಲೆ ಜೋರಾಗಿದ್ದರೆ ವೀಲ್‌ಚೇರಿಗೆ ಅವಕಾಶವೇ ಇರುವುದಿಲ್ಲ. ಇದು ತಿಳಿಯದೆ ಹೋದ ಎಷ್ಟೋ ಹಿರಿಯರು ಮೊಮ್ಮಕ್ಕಳು ದಡದಲ್ಲಿ ಆಡುವುದನ್ನು ಮೇಲಿನ ಅಟ್ಟದಿಂದ ನೋಡುತ್ತ ದಿನ ಕಳೆಯುತ್ತಾರೆ. ಆದ್ದರಿಂದ ಬೆಲೆ ನೋಡುವ ಮೊದಲು ಊರುಗಳ ಪಟ್ಟಿ ಹಿಡಿದು, ಎಲ್ಲೆಲ್ಲಿ ಟೆಂಡರ್ ಇದೆಯೆಂದು ಕೇಳಿ.

ಈ ದೃಷ್ಟಿಯಿಂದ ಸಿಯಾಟಲಿನಿಂದ ಹೊರಡುವ ಏಳು ದಿನಗಳ ಅಲಾಸ್ಕಾ ಯಾನ ನಮ್ಮವರಿಗೆ ಚೆನ್ನಾಗಿ ಒಪ್ಪುತ್ತದೆ. ಜೂನೋ, ಸ್ಕ್ಯಾಗ್ವೇ, ಕೆಚಿಕಾನ್‌ಗಳಲ್ಲಿ ಸಾಮಾನ್ಯವಾಗಿ ಹಡಗು ದಡಕ್ಕೇ ಬಂದು ನಿಲ್ಲುತ್ತದೆ. ಅಲ್ಲಿ ಗಮನಿಸಬೇಕಾದದ್ದು ಉಬ್ಬರವಿಳಿತ. ನೀರಿನ ಮಟ್ಟ ಒಂದೇ ದಿನದಲ್ಲಿ 15 ಅಡಿಗೂ ಹೆಚ್ಚು ಏರಿ ಇಳಿಯುವುದುಂಟು. ಹಾಗಾಗಿ ಬೆಳಿಗ್ಗೆ ಸಮತಟ್ಟಾಗಿದ್ದ ಹಲಗೆ ಮಧ್ಯಾಹ್ನ ಕಡಿದಾಗಿರಬಹುದು. ಯಾವ ಹೊತ್ತಿಗೆ ಇಳಿದರೆ ಸುಲಭವೆಂದು ಹಡಗಿನ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಸ್ಕ್ಯಾಗ್ವೇಯಲ್ಲಿ ಚಿನ್ನದ ಬೇಟೆಯ ಕಾಲದಲ್ಲಿ, 1898ರಿಂದ 1900ರೊಳಗೆ, ಹಾಕಿದ ವೈಟ್ ಪಾಸ್ ರೈಲುದಾರಿ ಇದೆ. 20 ಮೈಲಿಯಲ್ಲಿ ಸುಮಾರು 2,900 ಅಡಿ ಏರುತ್ತದೆ. ಕೂತಲ್ಲೇ ಜಲಪಾತ, ಕಣಿವೆ, ಸುರಂಗ ಎಲ್ಲ ನೋಡಬಹುದು. ಮೊದಲೇ ತಿಳಿಸಿದರೆ ವೀಲ್‌ಚೇರ್ ಏರಿಸುವ ಲಿಫ್ಟ್ ಇರುವ ಬೋಗಿ ಕೊಡುತ್ತಾರೆ. ಜೂನೋ ಬಳಿಯ ಮೆಂಡನ್‌ಹಾಲ್ ಹಿಮನದಿಯ ಎದುರಿಗೆ ಗಾಲಿಕುರ್ಚಿ ಹೋಗುವ ಸಿಮೆಂಟಿನಂಥ ನಯವಾದ ಹಾದಿಯಿದೆ.

ಎಲ್ಲಕ್ಕಿಂತ ಮಿಗಿಲಾದದ್ದು ಗ್ಲೇಸಿಯರ್ ಬೇ. ಅಲ್ಲಿಗೆ ದಿನಕ್ಕೆ ಎರಡು ದೊಡ್ಡ ಹಡಗುಗಳಿಗೆ ಮಾತ್ರ ಪ್ರವೇಶ. ಆದ್ದರಿಂದ ನಿಮ್ಮ ಹಡಗು ಅಲ್ಲಿಗೆ ಹೋಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ರಾಷ್ಟ್ರೀಯ ಉದ್ಯಾನದ ರೇಂಜರುಗಳು ಹಡಗನ್ನೇ ಹತ್ತಿ ಬಂದು ವಿವರಿಸುತ್ತಾರೆ. ಪ್ರಯಾಣಿಕರು ಯಾರೂ ಇಳಿಯುವುದಿಲ್ಲ. ಓಡುವ ಹುಡುಗನಿಗೂ, ಕುರ್ಚಿಯಲ್ಲಿ ಕುಳಿತ ಅಜ್ಜಿಗೂ ಅಲ್ಲಿ ಸಿಗುವುದು ಒಂದೇ ನೋಟ.

ಈಗ ಕಾಗದಪತ್ರ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವುದಾದರೆ, 1886ರ ಕಾನೂನಿನ ಪ್ರಕಾರ ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ಸಿಯಾಟಲಿನ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುವುದು ಇದಕ್ಕಾಗಿಯೇ. ಆದ್ದರಿಂದ ಭಾರತದ ಪಾಸ್‌ಪೋರ್ಟಿನಲ್ಲಿ ಬಂದ ತಂದೆ ತಾಯಿಗೆ ಕೆನಡಾದ ವೀಸಾ ಬೇಕಾಗುತ್ತದೆ, ಅಮೆರಿಕದ ವೀಸಾ ಹಲವು ಬಾರಿ ಪ್ರವೇಶಿಸಲು ಬರುವಂಥದ್ದಾಗಿರಬೇಕು.

ಹಡಗಿನ ಆಸ್ಪತ್ರೆಯ ಬಗ್ಗೆ ಸರಿಯಾದ ಕಲ್ಪನೆ ಇರಲಿ. ವೈದ್ಯರು, ದಾದಿಯರು, ಇಸಿಜಿ, ಎಕ್ಸರೇ, ಆಮ್ಲಜನಕ, ತುರ್ತು ಔಷಧಿ ಇರುತ್ತವೆ. ಹೃದಯಾಘಾತಕ್ಕೆ ಪ್ರಥಮ ಚಿಕಿತ್ಸೆ ಕೊಡಬಲ್ಲರು. ಆದರೆ ಆಂಜಿಯೋಪ್ಲಾಸ್ಟಿಯಾಗಲಿ, ಮುರಿದ ಸೊಂಟದ ಶಸ್ತ್ರಕ್ರಿಯೆಯಾಗಲಿ ಅಲ್ಲಿ ಆಗುವುದಿಲ್ಲ. ದಡಕ್ಕೆ ಸಾಗಿಸಬೇಕು, ಹೆಲಿಕಾಪ್ಟರೋ ವಿಮಾನವೋ ಬೇಕಾದರೆ ಖರ್ಚು ಹತ್ತಾರು ಸಾವಿರ ಡಾಲರ್ ಆಗಬಹುದು. ಇಲ್ಲೇ ನೆಲಸಿರುವ ಹಿರಿಯರು ಮೆಡಿಕೇರ್ ಇದೆಯೆಂದು ನಂಬಿ ಕೂರಬೇಡಿ. ಹಡಗು ಅಮೆರಿಕದ ಬಂದರಿನಲ್ಲಿದ್ದಾಗ ಅಥವಾ ಬಂದರಿನಿಂದ 6 ಗಂಟೆಯ ದೂರದೊಳಗಿದ್ದಾಗ ಮಾತ್ರ, ಅದೂ ಕೆಲವು ಷರತ್ತುಗಳ ಮೇಲೆ, ಅದು ಹಡಗಿನ ಚಿಕಿತ್ಸೆಗೆ ಹಣ ಕೊಡಬಹುದು. ಊರಿನಿಂದ ಬಂದವರ ಸಂದರ್ಶಕ ವಿಮೆ ಸಮುದ್ರದಲ್ಲಿ, ಕೆನಡಾದಲ್ಲಿ ನಡೆಯುತ್ತದೆಯೇ, ಹಳೆಯ ಕಾಯಿಲೆಗೆ ಅನ್ವಯಿಸುತ್ತದೆಯೇ, ಸಾಗಾಟದ ಖರ್ಚು ಕೊಡುತ್ತದೆಯೇ, ಈ ಮೂರನ್ನೂ ಬರಹದಲ್ಲಿ ನೋಡಿ.

ಔಷಧಿಯ ವಿಷಯ ಹೇಳದೆ ಮಾತು ಮುಗಿಸಿದರೆ ನನ್ನ ವೃತ್ತಿಗೆ ಅಪಚಾರ. ಬಂದರಿನಲ್ಲಿ ಪೆಟ್ಟಿಗೆ ಕೊಟ್ಟರೆ ಅದು ಕೋಣೆಗೆ ಬರುವುದು ಎಷ್ಟೋ ಗಂಟೆಗಳ ಮೇಲೆ. ಆದ್ದರಿಂದ ಔಷಧಿಯೆಲ್ಲ ಕೈಚೀಲದಲ್ಲೇ ಇರಲಿ, ಒಂದು ವಾರದ್ದು ಹೆಚ್ಚಾಗಿಯೇ ಇರಲಿ. ಅವುಗಳ ಮೂಲ ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿಡಿ. ಎಕೋಸ್ಪ್ರಿನ್ ಎಂದರೆ ಆಸ್ಪಿರಿನ್, ಎಲ್ಟ್ರಾಕ್ಸಿನ್ ಎಂದರೆ ಥೈರಾಯ್ಡ್ ಮಾತ್ರೆ ಎಂಬುದು ಹಡಗಿನ ವೈದ್ಯರಿಗೆ ಗೊತ್ತಿರಬೇಕೆಂದೇನೂ ಇಲ್ಲ. ಹಳೆಯ ಇಸಿಜಿಯ ಒಂದು ಪ್ರತಿಯೂ ಜೊತೆಗಿರಲಿ. ಸಕ್ಕರೆ ಕಾಯಿಲೆಯವರು ಸಂಜೆಯ ಮೊದಲ ಪಂಕ್ತಿಯ ಊಟವನ್ನೇ ಕೇಳಿ. ಊಟ ತಡವಾಗಿ ಮಾತ್ರೆ ಮೊದಲಾದರೆ ತಲೆ ತಿರುಗುತ್ತದೆ. ಭಾರತೀಯ ಸಸ್ಯಾಹಾರವನ್ನು ಮೊದಲೇ ತಿಳಿಸಿದರೆ ಬಹಳ ಹಡಗುಗಳಲ್ಲಿ ಮಾಡಿಕೊಡುತ್ತಾರೆ.

ವಾಂತಿ, ತಲೆಸುತ್ತಿಗೆಂದು ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿಯನ್ನು ಮಕ್ಕಳು ಅಮ್ಮನಿಗೂ ಅಂಟಿಸಿಬಿಡುತ್ತಾರೆ. ವಯಸ್ಸಾದವರಲ್ಲಿ ಅದು ಮನಸ್ಸು ಗಲಿಬಿಲಿಯಾಗುವಂತೆ ಮಾಡಬಹುದು, ಪ್ರಾಸ್ಟೇಟ್ ತೊಂದರೆಯಿರುವ ಗಂಡಸರಿಗೆ ಮೂತ್ರ ಕಟ್ಟಬಹುದು, ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಕಣ್ಣಿಗೇ ಅಪಾಯ. ಮೆಕ್ಲಿಜಿನ್ ಮಾತ್ರೆಯಲ್ಲೂ ಈ ಗುಣ ಸ್ವಲ್ಪ ಇದೆ. ನಿಮ್ಮ ವೈದ್ಯರನ್ನು ಕೇಳದೆ ಯಾವುದನ್ನೂ ಕೊಡಬೇಡಿ. ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆಯಲ್ಲಿ ಓಲಾಟ ಕಡಿಮೆ. ಅದೇ ಒಳ್ಳೆಯ ಔಷಧಿ.

ಸೋಂಕಿನ ವಿಷಯವನ್ನೂ ಮರೆಯಬಾರದು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಮಂದಿಯಲ್ಲಿ 712 ಮಂದಿಗೆ ಕೋವಿಡ್ ತಗುಲಿದ್ದು ನಮಗೆಲ್ಲ ನೆನಪಿದೆ. ಹೊರಡುವ ಮೊದಲು ಯಾವ ಲಸಿಕೆ ಬಾಕಿಯಿದೆ ಎಂದು ವಿಚಾರಿಸಿ. ವಾಂತಿಭೇದಿ ತರುವ ನೊರೊವೈರಸ್ಸಿಗೆ ಕೈಗೆ ಹಚ್ಚುವ ಜೆಲ್ ಸಾಲದು. ಊಟಕ್ಕೆ ಮುಂಚೆ ಕೈ ತೊಳೆಯಿರಿ ಎಂಬ ಅಜ್ಜಿಯ ಮಾತೇ ಸರಿ, ಸೋಪು ಮತ್ತು ನೀರೇ ಬೇಕು.

ಹತ್ತಿದ ದಿನವೇ ನಡೆಯುವ ಅಪಾಯಕಾಲದ ತಾಲೀಮನ್ನು "ಅವರಿಗೆ ಯಾಕೆ ತೊಂದರೆ" ಎಂದು ತಪ್ಪಿಸಬೇಡಿ. ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು ಕೇಳಿದರೆ ಎಲ್ಲಿಗೆ ಹೋಗಬೇಕೆಂದು ಹಿರಿಯರಿಗೂ ಗೊತ್ತಿರಬೇಕು. ಅಂಥ ಹೊತ್ತಿನಲ್ಲಿ ಲಿಫ್ಟ್ ನಂಬುವಂತಿಲ್ಲ. ನಮ್ಮ ಕೋಣೆಯಲ್ಲಿ ಮೆಟ್ಟಿಲಿಳಿಯಲಾಗದವರು ಇದ್ದಾರೆ, ಅವರನ್ನು ಯಾರು, ಹೇಗೆ ಇಳಿಸುತ್ತಾರೆ ಎಂದು ಮೊದಲ ದಿನವೇ ಕೇಳಿ ಹೆಸರು ಬರೆಸಿ.

ಯಾರು ಹೋಗಬಾರದು? ಇತ್ತೀಚೆಗೆ ಹೃದಯಾಘಾತವಾದವರು, ಕೂತಲ್ಲೇ ಏದುಸಿರು ಬರುವವರು, ರಾತ್ರಿ ದಿಕ್ಕು ತಪ್ಪಿ ಎದ್ದು ಓಡಾಡುವ ಮರೆವಿನ ಕಾಯಿಲೆಯವರು ಸದ್ಯಕ್ಕೆ ಬೇಡ. ಇಬ್ಬರು ಹಿಡಿದು ಎಬ್ಬಿಸಬೇಕಾದವರ ಜೊತೆಗೆ ಆ ಇಬ್ಬರೂ ಹೋಗಬೇಕು. ಸ್ನಾನ ಮಾಡಿಸುವುದು, ಎತ್ತಿ ಕೂರಿಸುವುದು ಹಡಗಿನ ಸಿಬ್ಬಂದಿಯ ಕೆಲಸವಲ್ಲ. ಮಕ್ಕಳಿಗೆ ಇನ್ನೊಂದು ಮಾತು. ಮಗುವನ್ನು ನೋಡಿಕೊಳ್ಳಲು ಜನ ಬೇಕೆಂದು ಅಮ್ಮನನ್ನು ಕರೆದೊಯ್ದು ಕೋಣೆಯಲ್ಲಿ ಕೂರಿಸಿದರೆ ಅದು ಪ್ರವಾಸವಲ್ಲ. ಏನು ನೋಡಬೇಕೆಂದು ಅವರನ್ನೇ ಕೇಳಿ, ಒಂದು ದಿನವಾದರೂ ಅವರ ನಡಿಗೆಯ ವೇಗದಲ್ಲಿ ಎಲ್ಲರೂ ನಡೆಯಿರಿ.

ಹಿರಿಯರೇ, ಕೊನೆಯ ಮಾತು ನಿಮಗೆ. ಕಾಲು ನೋಯುತ್ತದೆ ಎಂದು ಮಕ್ಕಳ ಬಳಿ ಹೇಳಿಕೊಳ್ಳುವುದು ಹೊರೆಯಾಗುವುದಲ್ಲ. ಮುಚ್ಚಿಟ್ಟು, ನಡುದಾರಿಯಲ್ಲಿ ಬಿದ್ದರೆ ಹೊರೆ. ಜಾತ್ರೆಯಲ್ಲಿ ನಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸಿದವರು ನೀವು. ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಹಿಮನದಿ ತೋರಿಸುವ ಸರದಿ ಈಗ ನಮ್ಮದು. ದಯವಿಟ್ಟು ಬೇಡವೆನ್ನಬೇಡಿ.