ದಯೆಯ ಊಟ ಯಾರ ತಟ್ಟೆಯಲ್ಲಿ?

(ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ, ಸೀಗೆ ಹುಣ್ಣಿಮೆಯ ಸಮಯದಲ್ಲಿ ಮಾಡಿದ ಭಾಷಣ)



ಸಭೆಗೆ ಬಂದವನು ಉಪ್ಪಿಟ್ಟಿನ ವಿಚಾರ ಮಾತಾಡುತ್ತಾನೆಂದರೆ ನಗುವವರುಂಟು. ನಗಲಿ. ಭೂಮಿ, ಕೂಲಿ, ಬೆಲೆ ಈ ಮೂರರ ವಿಚಾರವೂ ಕಡೆಗೆ ಒಲೆಯ ಮುಂದೆಯೇ ಬಂದು ಕೂಡುವುದರಿಂದ ನಾನು ಈ ದಿನ ಒಲೆಯಿಂದಲೇ ಆರಂಭಿಸುತ್ತೇನೆ.

ಮಳೆಗಾಲ ಮುಗಿದು ಚಳಿ ಇನ್ನೂ ಬಾರದ ಈ ಕಾಲದಲ್ಲಿ ನಮ್ಮ ಸೀಮೆಯ ರೈತನ ಮನೆಗೆ ಹೊಸ ನವಣೆ ಬರುತ್ತಿತ್ತು. ಹಸಿ ಶೇಂಗಾ ಇದೇ ದಿನಗಳಲ್ಲಿ ಕೀಳುತ್ತೇವೆ. ಎರಡನ್ನೂ ಕೂಡಿಸಿದರೆ ಮುಂಜಾನೆಯ ತಿಂಡಿ. ನಾಲ್ಕು ಜನಕ್ಕೆ ಎರಡು ಬಟ್ಟಲು ನವಣೆ ಅಕ್ಕಿ ಸಾಕು. ಮೂರು ನೀರಿನಲ್ಲಿ ತೊಳೆದು ಅರ್ಧ ತಾಸು ನೆನೆಯಿಟ್ಟು ಬಸಿಯಬೇಕು. ಒಂದು ಬಟ್ಟಲು ಹಸಿ ಶೇಂಗಾ ಕಾಳನ್ನು ಉಪ್ಪು ಹಾಕಿ ಬೇರೆ ಬೇಯಿಸಿಟ್ಟುಕೊಳ್ಳಬೇಕು. ಕುಸುಬೆ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಎರಡು ಉಳ್ಳಾಗಡ್ಡಿ ಬಾಡಿಸಿ, ಹೆಚ್ಚಿದ ಎಳೆಯ ಹೀರೇಕಾಯಿ ಸೇರಿಸಿ, ಬಸಿದ ನವಣೆಯನ್ನು ಅದರಲ್ಲಿ ನಾಲ್ಕು ನಿಮಿಷ ಹುರಿಯಬೇಕು. ಈ ಹುರಿಯುವುದನ್ನು ಬಿಟ್ಟರೆ ಉಪ್ಪಿಟ್ಟು ಹೋಗಿ ಗಂಜಿಯಾಗುತ್ತದೆ. ಮೇಲೆ ನಾಲ್ಕು ಬಟ್ಟಲು ಕುದಿವ ನೀರು, ಉಪ್ಪು, ಬೆಂದ ಶೇಂಗಾ. ಮುಚ್ಚಿ ಸಣ್ಣ ಉರಿಯಲ್ಲಿ ಕಾಲು ತಾಸು. ಇಳಿಸಿದ ಕೂಡಲೇ ಮುಚ್ಚಳ ತೆಗೆಯಬಾರದು. ಹತ್ತು ನಿಮಿಷ ತನ್ನ ಹಬೆಯಲ್ಲಿ ತಾನೇ ಅರಳಲಿ. ನಿಂಬೆಹಣ್ಣು ಹಿಂಡಿ ಗುರೆಳ್ಳು ಪುಡಿಯೊಡನೆ ಬಡಿಸಿದರೆ ತುಪ್ಪ ಬೇಕೆನ್ನುವವರೇ ಇಲ್ಲ.

ಈ ತಿಂಡಿಯಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲೂ ಇಲ್ಲ. ಇಂಥ ಊಟಕ್ಕೆ ನಗರಗಳಲ್ಲಿ ಈಗ 'ದಯೆಯ ಆಹಾರ' ಎಂದು ಹೆಸರಿಟ್ಟು ಪ್ರಚಾರ ಮಾಡುತ್ತಿದ್ದಾರೆ. ಈ ಪ್ರಚಾರವನ್ನು ಹಾಸ್ಯಮಾಡುವುದು ನನಗೆ ಸರಿಕಾಣುವುದಿಲ್ಲ. ಮೊಟ್ಟೆಯ ಕೋಳಿಗಳನ್ನು ಕೂಡಿಹಾಕುವ ತಂತಿ ಗೂಡನ್ನು ನೋಡಿದವರು ಮರೆಯಲಾರರು. 2023ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಲ್ಲಿ ಒಂದು ಕೋಳಿಗೆ ಗೊತ್ತುಮಾಡಿದ ಜಾಗ 550 ಚದರ ಸೆಂಟಿಮೀಟರು. ಕಚೇರಿಗಳಲ್ಲಿ ಅರ್ಜಿ ಬರೆಯುವ ಹಾಳೆ ಅದಕ್ಕಿಂತ ದೊಡ್ಡದು! ಮೊಟ್ಟೆಯ ತಳಿಯಲ್ಲಿ ಹುಟ್ಟಿದ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಇದು ತಪ್ಪೆಂದು ಹೇಳುವವರನ್ನು ನಾನು ಗೌರವಿಸುತ್ತೇನೆ. ಆದರೆ ಯಾರಿಗೆ ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂಬುದರಲ್ಲಿ ನನ್ನ ತಕರಾರಿದೆ.

2021ರ ಡಿಸೆಂಬರಿನ ಸಂಗತಿ ತಮಗೆ ನೆನಪಿರಬಹುದು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲಾಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡತೊಡಗಿದರು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಶಾಲೆಯ ಹುಡುಗಿಯೊಬ್ಬಳು, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಕೇಳಿದ ಮಾತು ನಾಡೆಲ್ಲ ಹರಡಿತು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲವೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅದಕ್ಕೆ ಎರಡು ವರ್ಷ ಮೊದಲು ಕಂಡಿತ್ತು. ಅಂಥ ನಾಡಿನ ಮಗುವಿನ ಕೈಯಿಂದ ಮೊಟ್ಟೆ ಕಸಿದು, ಅದರ ಜಾಗದಲ್ಲಿ ಸಮನಾದುದನ್ನು ಇಡದೆ, ಕೋಳಿಯ ಮೇಲೆ ದಯೆ ತೋರಿದೆನೆಂದು ಹೇಳುವುದು ಎಂಥ ದಯೆ? ಬಾಳೆಹಣ್ಣು ಸಮನಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕ ಇದ್ದರೆ ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಒಂದು ಹಿಡಿ ಶೇಂಗಾ ಲೆಕ್ಕದಲ್ಲಿ ಮೊಟ್ಟೆಯ ಹತ್ತಿರ ಬರುತ್ತದೆ. ಆದರೂ ಬಿ-12 ಜೀವಸತ್ವ ಶೇಂಗಾದಲ್ಲಿಲ್ಲ, ನವಣೆಯಲ್ಲಿಲ್ಲ. ಪ್ರಚಾರ ಮಾಡುವವರು ಇದನ್ನೂ ಬಾಯಿಬಿಟ್ಟು ಹೇಳಬೇಕು.

ಬಡವನ ತುತ್ತನ್ನು ಮೇಲೆ ಕುಳಿತವರು ಅಳೆಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 1876-78ರ ಬರದಲ್ಲಿ, ಈ ಸೀಮೆಯೆಲ್ಲ ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದಾಗ, ಸರ್ ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ಕೂಲಿ ಇಳಿಸಿದ. ಒಂದು ಪೌಂಡೆಂದರೆ ಅರ್ಧ ಕಿಲೋ ಕೂಡ ಆಗುವುದಿಲ್ಲ. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಅದು ಸಾಲದೆಂದು ವಾದಿಸಿದರು. ಆ ಬರದಲ್ಲಿ ಬಳ್ಳಾರಿ ಜಿಲ್ಲೆ ಕಂಡ ಸಾವಿಗೆ ಲೆಕ್ಕ ಹಾಕಿದವರೇ ಬೆಚ್ಚಿದರು. ಟೆಂಪಲ್ ಕ್ರೂರಿಯೆಂದು ತನ್ನನ್ನು ತಾನು ತಿಳಿದಿರಲಿಲ್ಲ, ಸರ್ಕಾರದ ಹಣ ಉಳಿಸುವ ಸಜ್ಜನನೆಂದೇ ತಿಳಿದಿದ್ದ.

ಇನ್ನು ನಮ್ಮ ಹೊಲಕ್ಕೆ ಬರೋಣ. ಹಡಗಲಿ, ಹರಪನಹಳ್ಳಿಯ ಕಡೆ ನವಣೆ, ಸಜ್ಜೆ ಬೆಳೆಯುತ್ತಿದ್ದ ಮಡ್ಡಿಯಲ್ಲಿ ಈಗ ಎಲ್ಲಿ ನೋಡಿದರೂ ಗೋವಿನಜೋಳ. ಅದು ದಾವಣಗೆರೆ, ರಾಣೆಬೆನ್ನೂರಿನ ಪೇಟೆಗೆ ಹೋಗುತ್ತದೆ. ಅಲ್ಲಿಂದ ಮುಂದೆ? ನಮ್ಮ ದೇಶದ ಗೋವಿನಜೋಳದ ದೊಡ್ಡ ಪಾಲು ಕೋಳಿಯ ಮೇವಿಗೆ, ಈಚೆಗೆ ಒಂದಿಷ್ಟು ಎಥನಾಲಿಗೆ. ಅಂದರೆ ನಮ್ಮ ಮಕ್ಕಳ ಮುಂಜಾನೆಯ ನವಣೆ ಬೆಳೆಯುತ್ತಿದ್ದ ನೆಲವೇ ಈಗ ಆ ತಂತಿ ಗೂಡಿನ ಕೋಳಿಗೆ ಕಾಳು ಬೆಳೆಯುತ್ತಿದೆ. ರೈತ ನಿರ್ದಯಿಯಾಗಿ ಹೀಗೆ ಮಾಡಿದನೇ? ಇಲ್ಲ. ನವಣೆಗೆ ಗ್ಯಾರಂಟಿ ಬೆಲೆಯಿಲ್ಲ, ಕೊಳ್ಳುವವರಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. ಅಲ್ಲದೆ ನವಣೆಯ ಹೊಟ್ಟು ಬಿಡಿಸುವುದೆಂದರೆ ಒರಳಿನ ಮುಂದೆ ಹೆಂಗಸಿನ ರಟ್ಟೆ ಬೀಳುವ ಕೆಲಸ. ಆ ದುಡಿತವನ್ನು ತಾಯಂದಿರು ಬಿಟ್ಟದ್ದು ನ್ಯಾಯವೇ ಆಗಿದೆ. 'ನಮ್ಮ ಅಜ್ಜಿಯರ ಆಹಾರ' ಎಂದು ಹಾಡಿ ಹೊಗಳುವವರು ಅಜ್ಜಿಯ ಒನಕೆಯನ್ನೂ ಒಂದು ದಿನ ಹಿಡಿಯಲಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ನವಣೆ ಚೆಂದದ ಚೀಲ ಸೇರಿ ಅಕ್ಕಿಗಿಂತ ತುಟ್ಟಿಯಾಯಿತು; ಮಡ್ಡಿ ಹೊಲದ ರೈತ ಗೋವಿನಜೋಳದಲ್ಲೇ ಉಳಿದ.

ದಯೆಯ ಆಹಾರ ಹಳ್ಳಿಗೆ ಬರಬೇಕಾದರೆ ಉಪದೇಶಕ್ಕಿಂತ ಮೊದಲು ಹೊಟ್ಟು ಬಿಡಿಸುವ ಯಂತ್ರ ಬರಲಿ. ಹೋಬಳಿಗೊಂದು, ಸಹಕಾರಿ ಸಂಘದ ವಶದಲ್ಲಿ. ನವಣೆಯನ್ನು ಸರ್ಕಾರ ಬೆಲೆ ಕಟ್ಟಿ ಕೊಂಡು ಇದೇ ಜಿಲ್ಲೆಯ ಬಿಸಿಯೂಟಕ್ಕೆ ಕೊಡಲಿ. ಮೊಟ್ಟೆ ಬೇಕೆಂದ ಮಗುವಿಗೆ ಮೊಟ್ಟೆ ಇರಲಿ, ಒಲ್ಲೆನೆಂದ ಮಗುವಿಗೆ ಶೇಂಗಾ ಚಿಕ್ಕಿಯೋ ಈ ಉಪ್ಪಿಟ್ಟೋ ಇರಲಿ. ಯಾರೂ ಇನ್ನೊಬ್ಬರ ತಟ್ಟೆ ನೋಡಿ ಮೂಗು ಮುಚ್ಚದಿರಲಿ. 2022ರಿಂದ ರಾಜ್ಯವೆಲ್ಲಕ್ಕೂ ಹರಡಿರುವ ಏರ್ಪಾಡಿನಲ್ಲಿ ಮಕ್ಕಳು ಆರಿಸಿಕೊಳ್ಳಲು ಅವಕಾಶವಿದೆ, ಅದರಿಂದ ಯಾವ ಧರ್ಮವೂ ಮುಳುಗಲಿಲ್ಲ. ಆ ಮೊಟ್ಟೆಗಳನ್ನು ದೂರದ ಗುತ್ತಿಗೆದಾರನಿಂದ ತರುವ ಬದಲು ಹಿತ್ತಲಿನಲ್ಲಿ ಕೋಳಿ ಬಿಟ್ಟು ಸಾಕುವ ಹೆಣ್ಣುಮಕ್ಕಳಿಂದ ಕೊಂಡರೆ ಕೋಳಿಗೂ ಕಾಲು ಚಾಚಲು ನೆಲ ಸಿಕ್ಕೀತು.

ದಯೆಯ ಪಟ್ಟಿಯಲ್ಲಿ ಕೋಳಿ ಇದೆ, ಎಮ್ಮೆಯ ಕರು ಇದೆ. ಬಿಸಿಯೂಟ ಬೇಯಿಸುವ ಅಕ್ಕ ಎಲ್ಲಿದ್ದಾಳೆ? ನೂರು ಮಕ್ಕಳ ಅನ್ನ ಬಸಿಯುವ ಅವಳಿಗೆ ಕೊಡುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, 'ಗೌರವಧನ' ಎನ್ನುತ್ತಾರೆ. ಆ ಧನದಲ್ಲಿ ಎಷ್ಟು ಗೌರವವಿದೆಯೆಂದು ಅವಳನ್ನೇ ಕೇಳಿ.

ಸೀಗೆ ಹುಣ್ಣಿಮೆಯಲ್ಲಿ ನಾವು ಬಸುರಿ ಭೂಮಿಗೆ ಚರಗ ಚೆಲ್ಲುತ್ತೇವೆ. ಇರುವೆ, ಗುಬ್ಬಿ, ಕಾಗೆ ತಮ್ಮ ಪಾಲು ತಿನ್ನುತ್ತವೆ. ಹೊಲದಲ್ಲಿ ಕುಳಿತು ಉಣ್ಣುವಾಗ ದಾರಿಹೋಕನನ್ನೂ ಕರೆಯುತ್ತೇವೆ, ನೀನೇನು ತಿನ್ನುವವನೆಂದು ಮೊದಲು ಕೇಳುವುದಿಲ್ಲ. ನವಣೆ ಬಿತ್ತಲು ಒಪ್ಪುವ ರೈತರು ಮುಂದಿನ ಮುಂಗಾರಿಗೆ ಎಷ್ಟು ಎಕರೆಯೆಂದು ಈಗಲೇ ಹೆಸರು ಬರೆಸಿದರೆ, ಯಂತ್ರದ ಅರ್ಜಿಯನ್ನು ಆ ಪಟ್ಟಿಯ ಸಮೇತ ಹಡಗಲಿಗೆ ಒಯ್ಯಬಹುದು. ಕಾಗದ ಇಲ್ಲಿಯೇ ಮೇಜಿನ ಮೇಲಿದೆ.