ಮಾಳಿಗೆಮನೆಯ ಮರ



ಜವನಗೊಂಡನಹಳ್ಳಿಯ ಸುತ್ತಣ ಹಿರಿಯೂರು ಸೀಮೆಯಲ್ಲಿ ಮಣ್ಣಿನ ಮಾಳಿಗೆಮನೆಯು ಹಿಂದಿನಿಂದ ಬಂದ ಪದ್ಧತಿ. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಜಂತೆ, ಕೊನೆಗೆ ಮಣ್ಣು. ಮಾಳಿಗೆಯ ಭಾರವನ್ನೆಲ್ಲ ಹೊರುವುದು ಮರವೇ. ಆ ಮರಕ್ಕೆ ಶತ್ರುಗಳು ಎರಡು: ನಿಂತ ತೇವ, ಗೆದ್ದಲು. ಸುರಿಮಳೆಯ ಮಲಯ ದೇಶದವರು ಮನೆಯನ್ನೇ ಕಂಬಗಳ ಮೇಲೆತ್ತಿ, ಕಡಿದಾದ ಮಾಡು ಹೊದಿಸಿ ಇವನ್ನು ತಡೆದರು. ಮಳೆ ವಿರಳವಾದ ನಮ್ಮ ಸೀಮೆಯ ಹಿರಿಯರು ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸಿ, ಮಾಳಿಗೆಗೆ ಚೌಳುಮಣ್ಣು ಹರಡಿದರು. ನೆನೆದರೆ ಅದರ ನುಣುಪು ಕಣಗಳು ಸಂದುಗಳನ್ನು ಮುಚ್ಚಿ ನೀರನ್ನು ಕೆಳಗಿಳಿಯಗೊಡವು.

ಆದರೆ ಮಳೆಯು ಈ ಮಣ್ಣನ್ನು ತೊಳೆಯುವುದು. ಆದುದರಿಂದ ಮುಂಗಾರಿಗೆ ಮೊದಲೇ ಹಳೆಯದನ್ನು ಕೆರೆದು ಹೊಸದು ಹಾಕಬೇಕು. ಕೆರೆಯದೆ ಪೇರಿಸಿದರೆ ಭಾರದಿಂದ ತೊಲೆ ಬಾಗುವುದು. ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನೂ ಪರೀಕ್ಷಿಸಿ, ಕೊಳೆತಿದ್ದರೆ ಆಸರೆಗಂಬ ಕೊಡಿರಿ. ಮನೆ ಬಿದ್ದ ಮೇಲೆ ಅಂತಹ ಮರವೂ ದುರ್ಲಭ, ಅದನ್ನು ಜೋಡಿಸಬಲ್ಲ ಬಡಗಿಯೂ ದುರ್ಲಭ.