ಎರಡು ಪಾಲಾದ ಪುಸ್ತಕ

ಇಂದಿನ ಪೂರ್ವ ಟರ್ಕಿಯ ಮೂಶ್ ಪಟ್ಟಣದ ಬಳಿ ಒಂದು ಅರ್ಮೇನಿಯನ್ ಮಠವಿತ್ತು. ಅಲ್ಲೊಂದು ಪುಸ್ತಕ. ಕರುವಿನ ಚರ್ಮದ ಹಾಳೆಗಳು, ಸುಮಾರು 28 ಕಿಲೋ ತೂಕ; 1200ರಿಂದ 1202ರವರೆಗೆ ಕೈಯಲ್ಲಿ ಬರೆದ ಧರ್ಮೋಪದೇಶಗಳ ಸಂಕಲನ. 1915ರಲ್ಲಿ ಕೊಲೆಗಡುಕರಿಂದ ತಪ್ಪಿಸಿಕೊಂಡು ಓಡುತ್ತಿದ್ದ ಇಬ್ಬರು ಹೆಂಗಸರಿಗೆ ಹಾಳುಬಿದ್ದ ಮಠದಲ್ಲಿ ಅದು ಸಿಕ್ಕಿತು. ಒಬ್ಬರೇ ಹೊರುವಂಥದ್ದಲ್ಲ. ಎರಡು ಪಾಲು ಮಾಡಿ ಆಳಿಗೊಂದರಂತೆ ಹೊತ್ತು ನಡೆದರು. ಹೊಟ್ಟೆಗೆ ಹಿಟ್ಟಿಲ್ಲದ, ಕೂಸನ್ನು ಎತ್ತಿಕೊಳ್ಳಲೂ ತ್ರಾಣವಿಲ್ಲದ ದಾರಿಯದು.

ಅರ್ಮೇನಿಯನ್ನರು ನಾಲ್ಕನೇ ಶತಮಾನದ ಆರಂಭದಲ್ಲೇ ಕ್ರೈಸ್ತಮತವನ್ನು ರಾಜ್ಯದ ಮತವಾಗಿ ಒಪ್ಪಿಕೊಂಡವರು. ಅವರ ಲಿಪಿಯೂ ಅವರದೇ. ಮೊದಲ ಮಹಾಯುದ್ಧಕ್ಕೆ ಮುನ್ನ ಒಟ್ಟೋಮನ್ ಸಾಮ್ರಾಜ್ಯದಲ್ಲಿ 15ರಿಂದ 20 ಲಕ್ಷದಷ್ಟಿದ್ದರು: ರೈತರು, ಅಕ್ಕಸಾಲಿಗರು, ವ್ಯಾಪಾರಿಗಳು, ವೈದ್ಯರು. ಸಮಾನ ಹಕ್ಕು ಕೇಳಿದ್ದಕ್ಕೆ ಸುಲ್ತಾನ್ ಎರಡನೇ ಅಬ್ದುಲ್ ಹಮೀದನ ಕಾಲದಲ್ಲಿ, 1894ರಿಂದ 96ರ ನಡುವೆ, ಅವರ ರಕ್ತ ಹರಿದಿತ್ತು. 1909ರಲ್ಲಿ ಆದಾನದಲ್ಲಿ ಮತ್ತೆ ಕಗ್ಗೊಲೆ ನಡೆಯಿತು.

ಆಮೇಲೆ ಯುದ್ಧ. ಯುದ್ಧಮಂತ್ರಿ ಎನ್ವರ್ ಪಾಷಾ ಕಡುಚಳಿಗಾಲದಲ್ಲಿ ರಷ್ಯದ ಮೇಲೆ ಸೈನ್ಯ ನುಗ್ಗಿಸಿದ. ಸಾರಿಕಾಮಿಷ್‌ನ ಹಿಮದಲ್ಲಿ ಆ ಸೈನ್ಯದ ಬಹುಪಾಲು ನಾಶವಾಯಿತು. ತಪ್ಪು ದಂಡನಾಯಕನದು, ಅಪವಾದ ಬಂದದ್ದು ಅರ್ಮೇನಿಯನ್ನರ ತಲೆಗೆ: ಶತ್ರುವಿನ ಜೊತೆ ಕೈಜೋಡಿಸಿದವರು ಎಂದು. ಸೈನ್ಯದಲ್ಲಿದ್ದ ಅರ್ಮೇನಿಯನ್ನರ ಕೋವಿ ಕಿತ್ತುಕೊಂಡು ರಸ್ತೆ ಕೆಲಸಕ್ಕೆ ಹಚ್ಚಿದರು. ಮುಂದೆ ಅವರಲ್ಲಿ ಬಹಳ ಮಂದಿಯನ್ನು ಕೊಂದರು.

1915ರ ಏಪ್ರಿಲ್ 24ರ ರಾತ್ರಿ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಕವಿಗಳು, ಪತ್ರಕರ್ತರು, ವಕೀಲರು, ಪಾದ್ರಿಗಳು ಸೆರೆಯಾದರು. ಅವರಲ್ಲಿ ಕೋಮಿತಾಸ್ ಎಂಬ ಸಂನ್ಯಾಸಿಯೂ ಇದ್ದ. ಹಳ್ಳಿ ಹಳ್ಳಿ ಅಲೆದು ರೈತರ ಹಾಡುಗಳನ್ನು ಸ್ವರಲಿಪಿಗೆ ಇಳಿಸಿದ ಸಂಗೀತಗಾರ. ಬಿಡುಗಡೆಯಾಗಿ ಬದುಕಿ ಬಂದನಾದರೂ ಮನಸ್ಸು ಮತ್ತೆ ಸರಿಹೋಗಲಿಲ್ಲ. 1935ರಲ್ಲಿ ಪ್ಯಾರಿಸ್ ಬಳಿಯ ಆಸ್ಪತ್ರೆಯಲ್ಲಿ ತೀರಿಕೊಂಡ.

ಮೇ ಕೊನೆಗೆ ಗಡೀಪಾರಿನ ಕಾನೂನು ಬಂತು. ಗೃಹಮಂತ್ರಿ ತಲಾತ್ ಪಾಷಾನ ಸರ್ಕಾರ ಇದನ್ನು ಸ್ಥಳಾಂತರ ಎಂದು ಕರೆಯಿತು. ಹಲವು ಊರುಗಳಲ್ಲಿ ಗಂಡಸರನ್ನು ಬೇರೆ ಮಾಡಿ ಊರಾಚೆ ಕೊಂದು, ಹೆಂಗಸರು, ಮಕ್ಕಳು, ಮುದುಕರನ್ನು ಸಿರಿಯಾದ ಮರುಭೂಮಿಯ ಕಡೆಗೆ ನಡೆಸಿದರು. ನೀರಿಲ್ಲ, ನೆರಳಿಲ್ಲ, ದಾರಿಯುದ್ದಕ್ಕೂ ಲೂಟಿ, ಅಪಹರಣ, ಕೊಲೆ. ಅಲ್ಲಿನ ದೇರ್ ಎಜ್ ಜೋರ್ ತಲುಪಿದವರನ್ನೂ 1916ರಲ್ಲಿ ಗುಂಪುಗುಂಪಾಗಿ ಕೊಂದರು. ಇತ್ತ ಊರಿನಲ್ಲಿ ಅವರ ಮನೆ, ಹೊಲ, ಅಂಗಡಿಗಳು ‘ಬಿಟ್ಟುಹೋದ ಆಸ್ತಿ’ ಎಂದು ಸರ್ಕಾರಿ ಪಟ್ಟಿ ಸೇರಿ ಹರಾಜಾದವು. ಮರಳಿ ಬರಬೇಕಾದವರ ಮನೆಯನ್ನು ಯಾರು ಹರಾಜು ಹಾಕುತ್ತಾರೆ? ಸ್ಥಳಾಂತರದ ಮಾತು ಎಷ್ಟು ಸುಳ್ಳೆನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎಲ್ಲ ಅಧಿಕಾರಿಗಳೂ ಇದಕ್ಕೆ ತಲೆಬಾಗಲಿಲ್ಲ. ಅಲೆಪ್ಪೊದ ಗವರ್ನರ್ ಜಲಾಲ್ ಬೇ ಆದೇಶ ಪಾಲಿಸಲು ಒಪ್ಪದೆ ಅಲ್ಲಿಂದ ಎತ್ತಂಗಡಿಯಾದ. ಗಡೀಪಾರಾದವರ ದಾರಿಗಳು ಕೂಡುತ್ತಿದ್ದುದು ಅದೇ ಅಲೆಪ್ಪೊದಲ್ಲಿ. 1918ರ ಅಕ್ಟೋಬರ್ 26ರಂದು ಆ ನಗರದ ಉತ್ತರಕ್ಕೆ ಹರಿತಾನ್ ಎಂಬಲ್ಲಿ ಒಟ್ಟೋಮನ್ ಪಡೆಯ ಮೇಲೆ ಕುದುರೆ ಏರಿ ನುಗ್ಗಿದವರಲ್ಲಿ ನಮ್ಮ ಮೈಸೂರು ಲಾನ್ಸರ್ಸ್ ಸವಾರರೂ ಇದ್ದರು. ನಾಲ್ಕು ದಿನಕ್ಕೆ ಕದನವಿರಾಮವಾಯಿತು. ಅಷ್ಟರೊಳಗೆ ಸತ್ತ ಅರ್ಮೇನಿಯನ್ನರೆಷ್ಟು? ಇತಿಹಾಸಕಾರರ ಲೆಕ್ಕ 6 ಲಕ್ಷದಿಂದ 15 ಲಕ್ಷದವರೆಗಿದೆ.

ತಲಾತ್ ಬರ್ಲಿನ್‌ಗೆ ಓಡಿಹೋದ. ಒಟ್ಟೋಮನ್ ನ್ಯಾಯಾಲಯವೇ ಅವನ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಿತು. 1921ರಲ್ಲಿ ಸೊಗೊಮೊನ್ ತೆಹ್ಲಿರಿಯನ್ ಎಂಬ ಅರ್ಮೇನಿಯನ್ ಯುವಕ ಹಾಡಹಗಲೇ ಅವನನ್ನು ಗುಂಡಿಕ್ಕಿ ಕೊಂದ. ಜರ್ಮನ್ ಜ್ಯೂರಿ ಆ ಯುವಕನನ್ನು ನಿರ್ದೋಷಿ ಎಂದಿತು. ರಫಾಯೆಲ್ ಲೆಮ್ಕಿನ್ ಎಂಬ ಯೆಹೂದಿ ಕಾನೂನು ವಿದ್ಯಾರ್ಥಿಯನ್ನು ಈ ಪ್ರಕರಣ ಬಿಡದೆ ಕಾಡಿತು: ಒಬ್ಬನನ್ನು ಕೊಂದವನ ಮೇಲೆ ಮೊಕದ್ದಮೆ ಹೂಡಬಹುದು, ಲಕ್ಷಗಟ್ಟಲೆ ಜನರನ್ನು ಕೊಲ್ಲಿಸಿದವನ ಮೇಲೆ ಅಂತರರಾಷ್ಟ್ರೀಯ ಕಾನೂನು ಇಲ್ಲವೇ? 1944ರಲ್ಲಿ ಆತ ‘ಜೆನೊಸೈಡ್’ ಎಂಬ ಪದ ಕಟ್ಟಿದ. 1948ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಅದರ ವಿರುದ್ಧ ಒಡಂಬಡಿಕೆ ಅಂಗೀಕರಿಸಿತು. ಕನ್ನಡದಲ್ಲಿ ನರಮೇಧ ಎನ್ನುವವರಿದ್ದಾರೆ. ಆದರೆ ಮೇಧ ಎಂದರೆ ಯಾಗ. ಇಲ್ಲಿ ಯಾವ ಯಾಗವೂ ಇರಲಿಲ್ಲ. ಜನಾಂಗಹತ್ಯೆ ಎನ್ನುವುದೇ ಸರಿ.

ಆ ಇಬ್ಬರು ಹೆಂಗಸರು ಹೊತ್ತೊಯ್ದ ಪುಸ್ತಕದ ಒಂದು ಪಾಲು ರಷ್ಯದ ಆಳ್ವಿಕೆಯಲ್ಲಿದ್ದ ಎಚ್ಮಿಯಾಡ್ಜಿನ್ ಮಠ ಸೇರಿತು. ಇನ್ನೊಬ್ಬ ಹೆಂಗಸು ಎರ್ಜುರುಮ್‌ನಲ್ಲಿ ತನ್ನ ಪಾಲನ್ನು ಹೂತಿಟ್ಟು ತೀರಿಕೊಂಡಳು; ಮುಂದೆ ರಷ್ಯನ್ ಸೈನ್ಯದ ಅಧಿಕಾರಿಯೊಬ್ಬನಿಗೆ ಅದು ದೊರೆಯಿತು. ಈಗ ಎರಡೂ ಅರ್ಮೇನಿಯದ ಯೆರೆವಾನ್‌ನ ಮಾತೆನಾದರಾನ್ ಹಸ್ತಪ್ರತಿ ಭಂಡಾರದಲ್ಲಿವೆ.

ಟರ್ಕಿ ಸಾವುಗಳಾದದ್ದನ್ನು ಒಪ್ಪುತ್ತದೆ, ಜನಾಂಗಹತ್ಯೆ ಎಂಬುದನ್ನು ಇಂದಿಗೂ ಒಪ್ಪುವುದಿಲ್ಲ. ಮೂವತ್ತಕ್ಕೂ ಹೆಚ್ಚು ದೇಶಗಳು ಒಪ್ಪಿವೆ. ಅಮೆರಿಕದ ಅಧ್ಯಕ್ಷರು ಅದನ್ನು ಅಧಿಕೃತವಾಗಿ ಒಪ್ಪಿದ್ದು 2021ರಲ್ಲಿ. ಭಾರತ ಆ ಪಟ್ಟಿಯಲ್ಲಿಲ್ಲ.